ಕೆಸುವಿನ ಗದ್ದೆಯ ಮೇಲೆ ಒಂದು ವಾರ

ನಾನು ಕುಂದಾಪುರದ ಕಡೆಯವಳು. ಹಿತ್ತಲ ಬಾಗಿಲು ತೆಗೆದರೆ ಕಡಲಿನ ಸದ್ದು ಕೇಳುವ ಮನೆ. ಹಾಗಾಗಿ ಈ ಸಲದ ಕಾನ್ಫರೆನ್ಸ್ ಹವಾಯಿಯ ಹೊನೊಲುಲುವಿನಲ್ಲಿ ಎಂದಾಗ ಕಾಲೇಜಿನಲ್ಲಿ ಎಲ್ಲರೂ ಹೊಟ್ಟೆ ಉರಿದುಕೊಂಡರೂ ನನಗೆ ಅಂಥ ಉಮೇದು ಬರಲಿಲ್ಲ. ಬೀಚ್ ನೋಡೋಕೆ ಅಷ್ಟು ದೂರ ಯಾಕೆ, ಮರವಂತೆ ಇಲ್ವಾ? ಆದರೆ ನನ್ನ ಪಾಠ, ಕೆಲಸ ಎಲ್ಲ ಅಂತರ್ಜಲದ ಮೇಲೆ. ಪೋಸ್ಟರ್ ಆಯ್ಕೆಯಾಗಿತ್ತು. ಹೊರಟೆ. ಜೊತೆಗೆ ನಮ್ಮ ವಿಭಾಗದ ಹಿರಿಯ ಮೇಷ್ಟ್ರು. ನಾನು ಮೀನು ತಿನ್ನುವವಳು, ಅವರು ಈರುಳ್ಳಿಯನ್ನೂ ಅನುಮಾನದಿಂದ ನೋಡುವವರು.

ಮುಂದೆ ಯಾರಾದರೂ ಇದೇ ದಾರಿಯಲ್ಲಿ ಹೋಗುವವರಿದ್ದರೆ ಉಪಯೋಗಕ್ಕೆ ಬರಲಿ ಎಂದು ದಿನದ ಲೆಕ್ಕದಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮುನ್ನ

ಹೊನೊಲುಲುವಿನ ದೊಡ್ಡ ಸಮ್ಮೇಳನಗಳು ಹೆಚ್ಚಾಗಿ ನಡೆಯುವುದು ಹವಾಯಿ ಕನ್ವೆನ್ಷನ್ ಸೆಂಟರಿನಲ್ಲಿ. 1998ರಲ್ಲಿ ತೆರೆದ ಕಟ್ಟಡ. ಫೋಟೋ ನೋಡಿದರೆ ಬೀಚಿನ ಪಕ್ಕದಲ್ಲೇ ಇದೆ ಅನ್ನಿಸುತ್ತದೆ. ಇಲ್ಲ. ಅದು ಬೀಚು, ಹೋಟೆಲುಗಳೇ ತುಂಬಿದ ವೈಕೀಕೀ ಎಂಬ ಬಡಾವಣೆಯ ಬಾಯಲ್ಲಿ, ಅಲಾ ವೈ ಎಂಬ ಕಾಲುವೆಯ ದಡದಲ್ಲಿದೆ. ವೈಕೀಕೀಯ ಆ ಕೊನೆಯಲ್ಲಿ, ಪಾರ್ಕಿನ ಹತ್ತಿರ ರೂಮು ಹಿಡಿದರೆ ದಿನಾ ಮೂರು ಕಿಲೋಮೀಟರ್ ದೂರ. ನಾವು ಸಮುದ್ರ ಕಾಣದ, ಹದಿನೈದು ನಿಮಿಷ ನಡೆದರೆ ಸಾಕಾಗುವ ಹೋಟೆಲ್ ಹಿಡಿದೆವು. ಅದೊಂದು ಒಳ್ಳೆಯ ತೀರ್ಮಾನ.

ಕೆಟ್ಟ ತೀರ್ಮಾನವೆಂದರೆ ಬುಕಿಂಗಿನ ಮೊದಲ ಪುಟದ ದರ ನಂಬಿದ್ದು. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ದಿನಕ್ಕೆ ನಲವತ್ತು ಡಾಲರಿಗೂ ಮಿಕ್ಕಿದ 'ರೆಸಾರ್ಟ್ ಫೀ', ಅದರ ಮೇಲೆ ಶೇಕಡಾ 18ರ ಆಸುಪಾಸಿನ ತೆರಿಗೆ ಬಂದು ಕೂತಿತ್ತು. ಅಲ್ಲಿನ ಬಹಳಷ್ಟು ಹೋಟೆಲುಗಳಲ್ಲಿ ಹೀಗೇ. ನೀವು ಈಜುಕೊಳಕ್ಕೆ ಕಾಲು ಇಡದಿದ್ದರೂ ಕೊಡಬೇಕು. ವಾಪಸ್ ಬಂದು ಬಿಲ್ಲು ಕೊಟ್ಟಾಗ ಲೆಕ್ಕಪತ್ರದವರು ಕನ್ನಡಕ ಮೇಲೆತ್ತಿ, "ಇದೇನು ಮೇಡಂ, ಕಾನ್ಫರೆನ್ಸ್ ಅಂದ್ರಿ, ರೆಸಾರ್ಟಿಗೆ ಹೋಗಿದ್ರಾ?" ಅಂದರು. ಆ ಹಣ ಇನ್ನೂ ಬಂದಿಲ್ಲ. ನೀವು ಹೋಗುವ ಮುನ್ನವೇ ಈ ಶುಲ್ಕ ಕಡ್ಡಾಯ ಎಂದು ಹೋಟೆಲಿನಿಂದ ಒಂದು ಪತ್ರ ತರಿಸಿ, ಅನುಮತಿ ಕಡತಕ್ಕೆ ಸೇರಿಸಿಬಿಡಿ.

ಇನ್ನು ಎರಡು ಟಿಕೆಟ್ ಇಲ್ಲಿಂದಲೇ ಮಾಡಿಸಿಕೊಂಡೆ. ಡೈಮಂಡ್ ಹೆಡ್ ಗುಡ್ಡಕ್ಕೆ ಹೊರಗಿನವರು ಮುಂಗಡ ಕಾಯ್ದಿರಿಸದೆ ಹೋಗುವಂತಿಲ್ಲ, ಮೂವತ್ತು ದಿನ ಮೊದಲೇ ಸಿಗುತ್ತದೆ. ಪರ್ಲ್ ಹಾರ್ಬರಿನಲ್ಲಿ ಮುಳುಗಿದ ಅರಿಝೋನಾ ಯುದ್ಧನೌಕೆಯ ಸ್ಮಾರಕಕ್ಕೆ ಹೋಗುವ ದೋಣಿಗೆ ಎಂಟು ವಾರ ಮೊದಲು. ಅದು ತಪ್ಪಿದರೆ ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ಅಲ್ಲಿನ ಸಮಯದಲ್ಲಿ ಇನ್ನಷ್ಟು ಬಿಡುತ್ತಾರೆ.

ಪೋಸ್ಟರನ್ನು ಬಟ್ಟೆಯ ಮೇಲೆ ಮುದ್ರಿಸಿ. ಸೀರೆಯಂತೆ ಮಡಚಿ ಸೂಟ್‌ಕೇಸಿಗೆ ಹಾಕಬಹುದು. ಮೇಷ್ಟ್ರು ಕಾಗದದ್ದನ್ನು ಕೊಳವೆಯಲ್ಲಿ ಹೊತ್ತುಕೊಂಡು ಮೂರು ವಿಮಾನ ನಿಲ್ದಾಣಗಳಲ್ಲಿ "ಇದೇನು?" ಎಂಬ ಪ್ರಶ್ನೆಗೆ ಉತ್ತರ ಕೊಟ್ಟರು. ಅಮ್ಮ ಚಟ್ನಿಪುಡಿಯ ಜೊತೆ ಹಿತ್ತಲಿನ ಕರಿಬೇವನ್ನೂ ಒಂದು ಕವರಿನಲ್ಲಿ ಕಟ್ಟಿದ್ದರು. ಅದನ್ನು ತೆಗೆದಿಟ್ಟೆ. ಹಸಿ ಕರಿಬೇವು ಅಮೆರಿಕಕ್ಕೆ ನಿಷಿದ್ಧ. ಕಿತ್ತಳೆ-ನಿಂಬೆ ಗಿಡಗಳ ರೋಗ ಅದರ ಮೂಲಕ ಹೋಗುತ್ತದೆಂಬ ಭಯ.

ಭಾನುವಾರ, ಎರಡು ಸಲ

ಬೆಂಗಳೂರಿನಿಂದ ನಡುರಾತ್ರಿ ಕಳೆದ ಮೇಲೆ ಹೊರಟು ಭಾನುವಾರ ಮಧ್ಯಾಹ್ನ ಟೋಕಿಯೋ. ಅಲ್ಲಿಂದ ಭಾನುವಾರ ರಾತ್ರಿ ಹೊರಟು ಏಳು ಗಂಟೆ ಹಾರಿ ಇಳಿದರೆ ಹೊನೊಲುಲುವಿನಲ್ಲಿ ಇನ್ನೂ ಭಾನುವಾರ ಬೆಳಗ್ಗೆ. ನಡುವೆ ದಿನಾಂಕ ರೇಖೆ ದಾಟಿರುತ್ತೇವೆ. ಮೇಷ್ಟ್ರು ಏಕಾದಶಿ, ಸಂಕಷ್ಟಿ ಎಂದು ತಿಥಿ ನೋಡಿ ಊಟ ಮಾಡುವವರು. ಒಂದೇ ದಿನ ಎರಡು ಸಲ ಬಂದದ್ದು ಅವರಿಗೆ ನಿಜವಾಗಿಯೂ ತಲೆಬಿಸಿಯಾಯಿತು.

ಸಮಯದ ಲೆಕ್ಕಕ್ಕೆ ನಾನು ಕಂಡುಕೊಂಡ ಸುಲಭ ದಾರಿ ಇದು. ಹವಾಯಿ ನಮಗಿಂತ ಹದಿನೈದೂವರೆ ಗಂಟೆ ಹಿಂದೆ. ಅಲ್ಲಿನ ಗಡಿಯಾರಕ್ಕೆ ಮೂರೂವರೆ ಗಂಟೆ ಕೂಡಿಸಿ, ಹಗಲನ್ನು ರಾತ್ರಿ, ರಾತ್ರಿಯನ್ನು ಹಗಲು ಮಾಡಿ. ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ಅಮ್ಮನಿಗೆ ಮರುದಿನ ಬೆಳಗ್ಗೆ ಹನ್ನೊಂದೂವರೆ. ಅಡುಗೆ ಮುಗಿಸಿ ಕೂತಿರುತ್ತಾರೆ. ವಾರವಿಡೀ ಅದೇ ನಮ್ಮ ಹೊತ್ತಾಯಿತು.

ವಿಮಾನ ನಿಲ್ದಾಣದಿಂದ ವೈಕೀಕೀಗೆ ಸಿಟಿ ಬಸ್ಸಿದೆ, ನಾವು ಹೋದಾಗ ಮೂರು ಡಾಲರ್. ಆದರೆ ಸೀಟಿನ ಕೆಳಗೆ ಅಥವಾ ತೊಡೆಯ ಮೇಲೆ ಹಿಡಿಯದ ಸಾಮಾನು ಹತ್ತಿಸಿಕೊಳ್ಳುವುದಿಲ್ಲ. ನಮ್ಮ ಸೂಟ್‌ಕೇಸುಗಳನ್ನು ನೋಡಿಯೇ ಡ್ರೈವರ್ ಕೈ ಆಡಿಸಿದರು. ಬಂದ ದಿನ ಟ್ಯಾಕ್ಸಿಗೆ ಹಣ ಇಟ್ಟುಕೊಳ್ಳಿ. ಮರುದಿನದಿಂದ ಬಸ್ಸೇ ಸಾಕು. ಹೋಲೋ ಎಂಬ ಕಾರ್ಡ್ ತೆಗೆದುಕೊಂಡರೆ ಒಂದು ಸಲ ಕೊಟ್ಟ ಹಣದಲ್ಲಿ ಎರಡೂವರೆ ಗಂಟೆಯೊಳಗೆ ಬಸ್ ಬದಲಿಸಬಹುದು. ನೋಟು ಕೊಟ್ಟರೆ ಚಿಲ್ಲರೆ ಕೊಡುವುದಿಲ್ಲ. ಕಾರು ಬಾಡಿಗೆಗೆ ಹಿಡಿಯಬೇಡಿ. ಹಗಲೆಲ್ಲ ಕಾನ್ಫರೆನ್ಸ್, ಕಾರು ಸುಮ್ನೆ ನಿಂತಿರುತ್ತದೆ, ನಿಂತಿದ್ದಕ್ಕೂ ಹೋಟೆಲಿನವರು ಸೊಗಸಾಗಿ ದುಡ್ಡು ವಸೂಲಿ ಮಾಡುತ್ತಾರೆ.

ಬೆಳಗ್ಗೆ ಹತ್ತಕ್ಕೆ ಹೋಟೆಲ್ ಮುಟ್ಟಿದೆವು. ರೂಮು ಮೂರಕ್ಕೆ. ನಮ್ಮೂರಿನಲ್ಲಿ ಆಗ ರಾತ್ರಿ ಒಂದೂವರೆ. ಇದೇ ಅತಿ ಕಷ್ಟದ ಹೊತ್ತು. ಲಾಬಿಯ ಸೋಫಾದಲ್ಲಿ ಕೂತಿರೋ ಕೆಟ್ಟಿರಿ. ಸಾಮಾನು ಅಲ್ಲೇ ಬಿಟ್ಟು ಬಿಸಿಲಿಗೆ ನಡೆದೆವು.

ವೈಕೀಕೀಯಲ್ಲಿ ಮೊದಲು ಮನಸ್ಸಿಗೆ ಹತ್ತಿದ್ದು ಸಮುದ್ರವಲ್ಲ, ಒಂದು ಆಲದ ಮರ. 1901ರಲ್ಲಿ ಶುರುವಾದ ಮೊವಾನಾ ಹೋಟೆಲಿನ ಅಂಗಳದಲ್ಲಿದೆ. 1904ರಲ್ಲಿ ನೆಟ್ಟದ್ದು, ನಮ್ಮ ದೇಶದ ಆಲವೇ. ಬಿಳಲು ಇಳಿಬಿಟ್ಟು ಅಂಗಳವನ್ನೆಲ್ಲ ಹಿಡಿದುಕೊಂಡಿದೆ. ಕಟ್ಟೆ ಇಲ್ಲ, ನಾಗನ ಕಲ್ಲಿಲ್ಲ, ಕೆಳಗೆ ಬಣ್ಣಬಣ್ಣದ ಪಾನೀಯ ಹೀರುವ ಜನ. ಆದರೂ ನೆರಳು ಅದೇ ನೆರಳು. ಸ್ವಲ್ಪ ದೂರದಲ್ಲಿ ಡ್ಯೂಕ್ ಕಹಾನಮೊಕು ಪ್ರತಿಮೆ. 1912ರ ಒಲಿಂಪಿಕ್ಸಿನ ಈಜಿನಲ್ಲಿ ಚಿನ್ನ ಗೆದ್ದವರು, ಅಲೆಸವಾರಿಯನ್ನು ಲೋಕಕ್ಕೆ ತೋರಿಸಿದವರು. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಿಸಿದ್ದಾರೆ. ಕಡಲಿಗೆ ಯಾರಾದರೂ ಬೆನ್ನು ಹಾಕ್ತಾರಾ ಎಂದು ನನಗೂ ಅನ್ನಿಸಿತು. ಅಲ್ಲಿನ ಅಲೆಸವಾರರದ್ದೂ ಇದೇ ತಕರಾರಂತೆ.

ಸಂಜೆ ಆರಕ್ಕೆ ಮಲಗಿದೆ. ಎಂಟರವರೆಗಾದರೂ ಎಳೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಆಗಲಿಲ್ಲ.

ಸೋಮವಾರ

ಬೆಳಗಿನ ಜಾವ ಎರಡೂವರೆಗೆ ಎಚ್ಚರ. ಗೋಡೆಯ ಆಚೆಯಿಂದ ವಿಷ್ಣುಸಹಸ್ರನಾಮ ಸಣ್ಣಗೆ ಕೇಳಿಸಿತು. ಮೇಷ್ಟ್ರಿಗೂ ಎಚ್ಚರವಾಗಿದೆ.

ನಾನು ಈ ವಾರದಲ್ಲಿ ಕಲಿತದ್ದು ಇಷ್ಟೇ. ಹವಾಯಿಗೆ ಬಂದ ಭಾರತೀಯನ ದೇಹ ಬೆಳಗಿನ ಜಾವ ಚುರುಕಾಗಿರುತ್ತದೆ, ಹನ್ನೊಂದರ ಹೊತ್ತಿಗೆ ಸೋಲುತ್ತದೆ. ಅದರ ಜೊತೆ ಜಗಳ ಆಡಬೇಡಿ. ಕಾನ್ಫರೆನ್ಸ್ ಹೇಗೂ ಎಂಟೂವರೆಯವರೆಗೆ ಶುರುವಾಗುವುದಿಲ್ಲ. ಊರು ನೋಡುವ ಕೆಲಸವನ್ನೆಲ್ಲ ಐದರಿಂದ ಎಂಟರೊಳಗೆ ಮುಗಿಸಿ. ಬೇರೆ ದೇಶದವರು ಸಂಜೆ ಕತ್ತಲಾದ ಮೇಲೆ ಸುಸ್ತಾಗಿ ಹೊರಡುವಾಗ ನೀವು ಎಲ್ಲ ನೋಡಿ ಮುಗಿಸಿ ನಿದ್ದೆಯಲ್ಲಿರುತ್ತೀರಿ.

ಐದೂವರೆಗೆ ಅಲಾ ವೈ ಕಾಲುವೆಯ ದಡದಲ್ಲಿ ನಡೆದೆವು. ಕೈಯಲ್ಲಿ ಹುಟ್ಟು ಹಿಡಿದು ಉದ್ದನೆಯ ದೋಣಿಗಳಲ್ಲಿ ಅಭ್ಯಾಸ ಮಾಡುವವರು ಆಗಲೇ ನೀರಿಗಿಳಿದಿದ್ದರು. ಈ ಕಾಲುವೆ ನನಗೆ ಕುತೂಹಲದ ವಸ್ತು. ವೈಕೀಕೀ ಎಂದರೆ ಅಲ್ಲಿನ ಭಾಷೆಯಲ್ಲಿ ಚಿಮ್ಮುವ ನೀರು. ಹಿಂದಿನ ಗುಡ್ಡಗಳಿಂದ ಮನೋವಾ, ಪಾಲೋಲೋ, ಮಕೀಕಿ ಎಂಬ ಹೊಳೆಗಳು ಇಳಿದು ಇಲ್ಲಿ ಹರಡಿಕೊಳ್ಳುತ್ತಿದ್ದವು. ಇಡೀ ಜಾಗ ಕೆಸುವಿನ ಗದ್ದೆ, ಮೀನಿನ ಕೆರೆ. ಆಮೇಲೆ ಚೀನೀ ರೈತರ ಭತ್ತ, ಬಾತುಕೋಳಿ. 1920ರ ದಶಕದಲ್ಲಿ ಈ ಕಾಲುವೆ ತೋಡಿ ನೀರನ್ನು ಪಕ್ಕಕ್ಕೆ ತಿರುಗಿಸಿದರು, ಕಾಲುವೆಯಿಂದ ತೆಗೆದ ಮಣ್ಣನ್ನು ಗದ್ದೆಗೆ ತುಂಬಿದರು. ಅದರ ಮೇಲೆ ಎದ್ದದ್ದೇ ಈಗಿನ ಹೋಟೆಲುಗಳ ಸಾಲು. ಬೀಚಿನ ಮರಳೂ ಪೂರ್ತಿ ಅಲ್ಲಿಯದಲ್ಲ. ಕೊಚ್ಚಿಹೋದಂತೆಲ್ಲ ಬೇರೆ ಕಡೆಯಿಂದ ತಂದು, ಸಮುದ್ರದ ತಳದಿಂದ ಪಂಪ್ ಮಾಡಿ ಸುರಿಯುತ್ತ ಬಂದಿದ್ದಾರೆ. ಮರಳು ಹೊರಗಿನಿಂದ ತರುವ ಬೀಚು! ನಮ್ಮಲ್ಲಿ ಮರಳು ಕದ್ದುಕೊಂಡು ಹೋಗುವುದು ಗೊತ್ತಿತ್ತು.

ಎಂಟಕ್ಕೆ ನೋಂದಣಿ. ಕನ್ವೆನ್ಷನ್ ಸೆಂಟರಿನ ಅಂಗಳಗಳು ತೆರೆದಿವೆ, ಗಾಳಿ ಆಡುತ್ತದೆ, ಮೇಲೆ ಮಾಳಿಗೆಯ ತೋಟವೂ ಇದೆ. ಆದರೆ ಒಳಗಿನ ಸಭಾಂಗಣಗಳಲ್ಲಿ ಎಸಿ ಮೂಳೆಗೆ ತಾಗುತ್ತದೆ. ಹವಾಯಿಗೆ ಯಾರಾದರೂ ಸ್ವೆಟರ್ ಒಯ್ಯುತ್ತಾರಾ ಎಂದು ನಕ್ಕಿದ್ದ ಮೇಷ್ಟ್ರು ಹತ್ತೂವರೆಗೆ ನನ್ನ ಶಾಲು ಹೊದ್ದು ಕೂತಿದ್ದರು. ಕೋಟು-ಟೈ ಮಾತ್ರ ಬೇಡ. ಅಲ್ಲಿ ಹೂವಿನ ಚಿತ್ತಾರದ ಅಲೋಹಾ ಶರ್ಟೇ ಆಫೀಸಿನ ಉಡುಪು. ಬ್ಯಾಂಕಿನವರೂ ಅದನ್ನೇ ಹಾಕುತ್ತಾರೆ. ಟೈ ಕಟ್ಟಿ ಬಂದವರು ಯಾರೋ ಮದುವೆ ಮನೆಯ ವಿಳಾಸ ತಪ್ಪಿ ಬಂದಂತೆ ಕಾಣುತ್ತಿದ್ದರು.

ಮಧ್ಯಾಹ್ನ ಊಟಕ್ಕೆ ಒಳಗಿನ ಸ್ಟಾಲಿಗಿಂತ ಹತ್ತು ನಿಮಿಷ ನಡೆದು ಅಲಾ ಮೊವಾನಾ ಸೆಂಟರ್ ಎಂಬ ಮಾಲಿಗೆ ಹೋಗುವುದು ಮೇಲು. ಅಲ್ಲಿಯವರಿಗೆ ಅನ್ನ ಮೂರು ಹೊತ್ತಿನ ಊಟ. 'ಪ್ಲೇಟ್ ಲಂಚ್' ಎಂದರೆ ಎರಡು ಗುಪ್ಪೆ ಅನ್ನ ಇದ್ದೇ ಇರುತ್ತದೆ. ಅಕ್ಕಿ ತಿನ್ನುವವರು ಬದುಕಿಕೊಳ್ಳುತ್ತೇವೆ. ಒಂದು ಎಚ್ಚರಿಕೆ: ಪ್ರತಿ ಅಂಗಡಿಯ ಕೌಂಟರಿನಲ್ಲಿ ಅನ್ನದ ಇಟ್ಟಿಗೆಗೆ ಕಪ್ಪು ಪಟ್ಟಿ ಸುತ್ತಿ ಇಟ್ಟಿರುತ್ತಾರೆ. ಮುಸುಬಿ. ಮೇಲಿರುವ ಗುಲಾಬಿ ಹೋಳು ಹಂದಿಮಾಂಸ. ಮೇಷ್ಟ್ರು ಅದನ್ನು ಗಜ್ಜರಿ ಎಂದುಕೊಂಡು ಕೈ ಚಾಚಿದ್ದರು. ಸ್ವಲ್ಪದರಲ್ಲಿ ತಪ್ಪಿತು. ಆಮೇಲೆ ಅವರು ಡೌನ್ ಟು ಅರ್ಥ್ ಎಂಬ ಪೂರ್ತಿ ಸಸ್ಯಾಹಾರಿ ಅಂಗಡಿ ಹುಡುಕಿಕೊಂಡು ವಾರವಿಡೀ ಅದರ ಗಿರಾಕಿಯಾದರು.

ಹನ್ನೊಂದರ ಭಾಷಣ ಏನಿತ್ತೋ ಗೊತ್ತಿಲ್ಲ. ಊರಿನಲ್ಲಿ ಆಗ ನಡುರಾತ್ರಿ ಎರಡೂವರೆ.

ಮಂಗಳವಾರ

ಡೈಮಂಡ್ ಹೆಡ್ ಬೆಳಗ್ಗೆ ಆರಕ್ಕೆ ತೆರೆಯುತ್ತದೆ. ತಲಾ ಐದು ಡಾಲರ್. ಹಳೆಯ ಜ್ವಾಲಾಮುಖಿಯ ಬಾಯಿ ಅದು. ಮೂಲ ಹೆಸರು ಲೇಅಹಿ. ಕಲ್ಲಿನಲ್ಲಿ ಮಿನುಗುವ ಹರಳು ಕಂಡ ಬ್ರಿಟಿಷರು ವಜ್ರ ಎಂದುಕೊಂಡರು, ಹೆಸರು ಉಳಿಯಿತು, ವಜ್ರ ಸಿಗಲಿಲ್ಲ. ತುದಿ 232 ಮೀಟರ್ ಎತ್ತರ. ಒಂದು ದಿಕ್ಕಿಗೆ ಒಂದೂಕಾಲು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಹಾದಿ. 1908ರಲ್ಲಿ ಸೇನೆಯವರು ಕಾವಲಿಗಾಗಿ ಮಾಡಿದ್ದು. ಮೊದಲು ಸುಲಭ. ಆಮೇಲೆ ಮೆಟ್ಟಿಲು, ಒಂದು ಸುರಂಗ, ಅದು ಮುಗಿದ ಕೂಡಲೇ ಒಂದೇ ಉಸಿರಿಗೆ 99 ಮೆಟ್ಟಿಲು. ಐವತ್ತೆಂಟರ ಮೇಷ್ಟ್ರು ಹತ್ತಿದರು, ಚಾಮುಂಡಿ ಬೆಟ್ಟ ಹತ್ತಿದವರಿಗೆ ಇದು ಲೆಕ್ಕಕ್ಕಿಲ್ಲ ಅಂದರು. ಅಂದದ್ದು ತುದಿಯಲ್ಲಿ ಐದು ನಿಮಿಷ ಕೂತು ಉಸಿರು ಸಿಕ್ಕ ಮೇಲೆ.

ತುದಿಯಿಂದ ಸೂರ್ಯೋದಯ ನೋಡುತ್ತೇವೆಂದು ಓಡಬೇಡಿ. ಗೇಟು ಆರಕ್ಕೆ ತೆರೆದರೆ, ಚಳಿಗಾಲದ ತಿಂಗಳು ಬಿಟ್ಟು, ನೀವು ಮೇಲೆ ಮುಟ್ಟುವಷ್ಟರಲ್ಲಿ ಸೂರ್ಯ ಬಂದಿರುತ್ತಾನೆ. ಏನೂ ನಷ್ಟವಿಲ್ಲ. ಒಂದು ಕಡೆ ಗುಡ್ಡಗಳ ತಲೆಯ ಮೇಲೆ ಮಳೆ, ಇನ್ನೊಂದು ಕಡೆ ಬಿಸಿಲು, ನಡುವೆ ಕಾಮನಬಿಲ್ಲು. ನೀರಿನ ಬಾಟಲಿ ಕೆಳಗಿನಿಂದಲೇ ಹೊತ್ತುಕೊಳ್ಳಿ. ಎಂಟೂವರೆಗೆ ನಾವು ಸ್ನಾನ ಮಾಡಿ ಮೊದಲ ಸಾಲಿನಲ್ಲಿ ಕೂತಿದ್ದೆವು.

ದಾರಿ ಕೇಳುವಾಗ ಒಂದು ಮಜಾ ಇದೆ. ಅಲ್ಲಿಯವರು ಉತ್ತರ-ದಕ್ಷಿಣ ಹೇಳುವುದಿಲ್ಲ. 'ಮೌಕಾ' ಎಂದರೆ ಗುಡ್ಡದ ಕಡೆ, 'ಮಕಾಯಿ' ಎಂದರೆ ಕಡಲಿನ ಕಡೆ. ಮೇಷ್ಟ್ರಿಗೆ ಗೊಂದಲ. ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಕಡಲು ಇರುವ ಕಡೆ ಪಡುಬಿದ್ರಿ, ಘಟ್ಟದ ಕಡೆ ಮೂಡುಬಿದಿರೆ ಎನ್ನುವ ಊರಿನವರಿಗೆ ಇದನ್ನು ಹೇಳಿಕೊಡಬೇಕಾ?

ಇನ್ನೊಂದು. ಹೊನೊಲುಲುವಿನಲ್ಲಿ ಫೋನ್ ನೋಡುತ್ತ ರಸ್ತೆ ದಾಟಿದರೆ ದಂಡ. 2017ರಿಂದ ಕಾನೂನೇ ಇದೆ. ಮ್ಯಾಪ್ ನೋಡುವುದಿದ್ದರೆ ಫುಟ್‌ಪಾತಿನಲ್ಲೇ ನೋಡಿ ಮುಗಿಸಿ.

ಬುಧವಾರ

ನನ್ನ ಪೋಸ್ಟರಿನ ದಿನ. ಸಂಘಟಕರಿಗೆ ಮೊದಲೇ ಬರೆದು ಬೆಳಗಿನ ಸರದಿ ಕೇಳಿದ್ದೆ, ಕೊಟ್ಟರು. ಕೇಳಿದರೆ ಕೊಡುತ್ತಾರೆ. ಮೇಷ್ಟ್ರು ಕೇಳಿರಲಿಲ್ಲ. ಅವರ ಸರದಿ ಹನ್ನೊಂದಕ್ಕೆ ಬಂತು. ಒಬ್ಬರ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಶುರು ಮಾಡಿದರು.

ಸಂಜೆ ಅಲಾ ಮೊವಾನಾ ಬೀಚ್ ಪಾರ್ಕಿನಲ್ಲಿ ನೀರಿಗಿಳಿದೆ. ಸೆಂಟರಿನಿಂದ ನಡೆದೇ ಹೋಗಬಹುದು. ಹೊರಗೆ ಬಂಡೆಯ ತಡೆ ಇರುವುದರಿಂದ ಅಲೆ ಇಲ್ಲ, ಕೆರೆಯ ಹಾಗೆ. ವೈಕೀಕೀಯ ಜಾತ್ರೆಯೂ ಇಲ್ಲ. ಊರಿನವರು ಮಕ್ಕಳು-ಮರಿ ಕಟ್ಟಿಕೊಂಡು ಬರುವುದು ಇಲ್ಲಿಗೇ.

ಸನ್‌ಸ್ಕ್ರೀನ್ ಅಲ್ಲೇ ಕೊಳ್ಳಿ. ಹವಳದ ಬಂಡೆಗಳಿಗೆ ಹಾನಿ ಎಂದು ಆಕ್ಸಿಬೆನ್ಝೋನ್ ಮತ್ತು ಆಕ್ಟಿನಾಕ್ಸೇಟ್ ಇರುವುದರ ಮಾರಾಟವನ್ನು 2021ರಿಂದ ಅಲ್ಲಿ ನಿಲ್ಲಿಸಿದ್ದಾರೆ. ಇಲ್ಲಿಂದ ಒಯ್ದದ್ದರಲ್ಲಿ ಅವು ಇರುವ ಸಾಧ್ಯತೆಯೇ ಹೆಚ್ಚು.

ಗುರುವಾರ

ಮಧ್ಯಾಹ್ನ ರಜೆ ಕೊಟ್ಟಿದ್ದರು. ಬಸ್ ಹತ್ತಿ ಪೇಟೆಯ ಒಳಗಿನ ಇಯೊಲಾನಿ ಅರಮನೆಗೆ ಹೋದೆವು. ಒಂದೇ ಒಂದು ಮಧ್ಯಾಹ್ನ ಸಿಗುವುದಾದರೆ ಇಲ್ಲಿಗೆ ಹೋಗಿ ಎನ್ನುತ್ತೇನೆ. ವಾರದಲ್ಲಿ ರಜೆಯ ದಿನಗಳಿವೆ, ಅದನ್ನು ನೋಡಿಕೊಂಡು ಹೊರಡಿ.

ಅಮೆರಿಕದ ನೆಲದಲ್ಲಿ ರಾಜರು ಆಳಿದ ಅರಮನೆ ಇದೊಂದೇ. 1882ರಲ್ಲಿ ಕಟ್ಟಿ ಮುಗಿಸಿದ್ದು ಕಲಾಕೌವಾ ರಾಜ. ನಾವು ದಿನಾ ನಡೆಯುವ ದೊಡ್ಡ ರಸ್ತೆಗೆ ಅವನದೇ ಹೆಸರು. 1881ರಲ್ಲಿ ಅವನು ಭೂಮಿಯನ್ನೇ ಒಂದು ಸುತ್ತು ಬಂದ. ಕಲ್ಕತ್ತೆ, ಮುಂಬಯಿಯನ್ನೂ ನೋಡಿದ. ಅಮೆರಿಕದ ಅಧ್ಯಕ್ಷರ ಮನೆಗೆ ಬರುವುದಕ್ಕೂ ಮುಂಚೆ ಇವನ ಅರಮನೆಗೆ ವಿದ್ಯುತ್ ದೀಪ ಬಂದಿತ್ತು. ಚಪ್ಪಲಿಯ ಮೇಲೆ ಬಟ್ಟೆಯ ಚೀಲ ತೊಡಿಸಿ ಒಳಗೆ ಬಿಡುತ್ತಾರೆ. ಮರದ ನೆಲ, ಮರದ ದೊಡ್ಡ ಮೆಟ್ಟಿಲು, ಸಿಂಹಾಸನದ ಕೋಣೆ. ಎಲ್ಲ ಸರಿ. ಮೇಲಿನ ಒಂದು ಕೋಣೆಗೆ ಬಂದಾಗ ಮಾತ್ರ ಗುಂಪು ಸುಮ್ಮನಾಯಿತು.

ಅವನ ನಂತರ ಪಟ್ಟಕ್ಕೆ ಬಂದವಳು ತಂಗಿ ಲಿಲಿಯುಒಕಲಾನಿ. 1893ರ ಜನವರಿಯಲ್ಲಿ ಸಕ್ಕರೆಯ ವ್ಯಾಪಾರಿಗಳು, ಅವರ ಬೆಂಬಲಿಗರು ಸೇರಿ ಅವಳನ್ನು ಇಳಿಸಿದರು. ಬಂದರಿನಲ್ಲಿ ಅಮೆರಿಕದ ಹಡಗು, ದಡದಲ್ಲಿ ಅದರ ಸೈನಿಕರು. 1895ರಲ್ಲಿ ಅವಳದೇ ಅರಮನೆಯ ಈ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದರು. ಆಗ ಜೊತೆಗಿದ್ದ ಹೆಂಗಸರೊಂದಿಗೆ ಕೂತು ಅವಳು ತುಂಡು ಬಟ್ಟೆ ಜೋಡಿಸಿ ಒಂದು ಕೌದಿ ಹೊಲಿದಳು. ಅದು ಗಾಜಿನೊಳಗೆ ಇದೆ. 1898ರಲ್ಲಿ ಹವಾಯಿ ಅಮೆರಿಕದ ಪಾಲಾಯಿತು, 1959ರಲ್ಲಿ ಐವತ್ತನೆಯ ರಾಜ್ಯವಾಯಿತು. ನಮ್ಮ ಕಿತ್ತೂರಿನಿಂದ ಬೈಲಹೊಂಗಲಕ್ಕೆ ಒಯ್ದ ಒಬ್ಬ ರಾಣಿಯೂ ಸೆರೆಯಲ್ಲೇ ಹೋದವಳಲ್ಲವಾ. ಮೇಷ್ಟ್ರು ಕೌದಿಯ ಮುಂದೆ ಬಹಳ ಹೊತ್ತು ನಿಂತಿದ್ದರು. ಅವರು ಧಾರವಾಡದ ಕಡೆಯವರು.

ರಾತ್ರಿ ಕಾನ್ಫರೆನ್ಸಿನ ಔತಣ. ಕೊರಳಿಗೆ ಹೂವಿನ ಹಾರ ಹಾಕಿದರು. ನಮ್ಮ ದೇವಸ್ಥಾನದ ಅಂಗಳದ ದೇವಕಣಗಿಲೆ! ಅಲ್ಲಿ ಅದು ಸ್ವಾಗತದ ಹೂವು. ಹಾಕಿದ ಹಾರವನ್ನು ಅವರೆದುರೇ ತೆಗೆದು ಚೀಲಕ್ಕೆ ಹಾಕಬೇಡಿ. ಅದು ಅವಮಾನ. ನಮ್ಮ ಸನ್ಮಾನಗಳ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಬಡಿಸುವಾಗ ಒಂದು ಬಟ್ಟಲಲ್ಲಿ ನಸುನೇರಳೆ ಬಣ್ಣದ ಗಟ್ಟಿ ಗಂಜಿ ಬಂತು. ಪೋಯಿ. ಪಕ್ಕದಲ್ಲಿ ಕೂತಿದ್ದ, ಅಲ್ಲಿಯವರೇ ಆದ ಹಿರಿಯ ಹೆಂಗಸು ಇದು 'ಕಲೋ' ಗಡ್ಡೆ ಬೇಯಿಸಿ ಜಜ್ಜಿದ್ದು ಎಂದು ಫೋನಿನಲ್ಲಿ ಗಿಡದ ಚಿತ್ರ ತೋರಿಸಿದರು. ನಾನು ಕೂಗಿಯೇಬಿಟ್ಟೆ. ಕೆಸು! ನಮ್ಮ ಬಾವಿಕಟ್ಟೆಯ ಪಕ್ಕದ ಕೆಸು.

ಅಲ್ಲಿಂದ ಊಟ ತಣ್ಣಗಾಯಿತು. ನಿಮ್ಮಲ್ಲಿ ಎಲೆ ತಿಂತೀರಾ ಅಂದರು. ಪತ್ರೊಡೆ ಹೇಗೆ ಮಾಡುವುದೆಂದು ಕೈಯಲ್ಲೇ ಎಲೆ ಮಡಚಿ, ಹಿಟ್ಟು ಸವರಿ ತೋರಿಸಿದೆ. ಗಂಟಲು ತುರಿಸೋದಿಲ್ವಾ ಅಂದರು. ಹುಣಸೆಹುಳಿ ಹಾಕುತ್ತೇವೆ ಅಂದೆ. ಅವರು ಹುಳಿ ಹಾಕುವುದಿಲ್ಲ, ಗಂಟೆಗಟ್ಟಲೆ ಬೇಯಿಸುತ್ತಾರೆ. ಅವರ ಕತೆಯ ಪ್ರಕಾರ ಆಕಾಶದ ದೇವರಿಗೆ ಸತ್ತು ಹುಟ್ಟಿದ ಮೊದಲ ಮಗುವನ್ನು ಹೂತ ಜಾಗದಲ್ಲಿ ಮೊಳೆತದ್ದೇ ಕೆಸು. ಎರಡನೆಯ ಮಗುವಿನಿಂದ ಮನುಷ್ಯರು. ಹಾಗಾಗಿ ಕೆಸು ನಮಗೆಲ್ಲ ಅಣ್ಣ. ಪೋಯಿಯ ಬಟ್ಟಲು ತೆರೆದಿಟ್ಟಾಗ ಮನೆಯಲ್ಲಿ ಜಗಳ ಆಡಬಾರದಂತೆ, ಅಣ್ಣ ಕೂತಿರುತ್ತಾನೆ.

ರುಚಿ? ನೇರವಾಗಿ ಹೇಳಿದರೆ ಹುಳಿ ಬಂದ ದೋಸೆ ಹಿಟ್ಟು. ಒಂದು ಬೆರಳಿನ ಪೋಯಿ, ಎರಡು ಬೆರಳಿನ ಪೋಯಿ ಎಂದು ಗಟ್ಟಿತನದ ಲೆಕ್ಕ ಇದೆ. ಉಪ್ಪಿನಕಾಯಿ ಇದ್ದಿದ್ದರೆ ನಾನು ಇನ್ನೊಂದು ಬಟ್ಟಲು ತಿನ್ನುತ್ತಿದ್ದೆ. ಕೊನೆಗೆ ಬಂದ 'ಹೌಪಿಯಾ' ತೆಂಗಿನ ಹಾಲಿನ ಬಿಳಿ ತುಂಡು. ಥೇಟ್ ಹಾಲುಬಾಯಿಯ ತಂಗಿ. ಮೇಷ್ಟ್ರು ನಾಲ್ಕು ತಿಂದರು.

ಶುಕ್ರವಾರ

ಮಧ್ಯಾಹ್ನಕ್ಕೆ ಕಾನ್ಫರೆನ್ಸ್ ಮುಗಿಯಿತು. ಪರ್ಲ್ ಹಾರ್ಬರಿಗೆ ಟ್ಯಾಕ್ಸಿ ಹಿಡಿದೆವು. ಅಲ್ಲಿ ಒಳಗೆ ಬ್ಯಾಗ್ ಬಿಡುವುದಿಲ್ಲ. ಹೆಂಗಸರ ಕೈಚೀಲವೂ ಇಲ್ಲ. ಹಣ ಕೊಟ್ಟು ಹೊರಗೆ ಇಡಬೇಕು. ಕಾನ್ಫರೆನ್ಸಿನ ಲ್ಯಾಪ್‌ಟಾಪ್ ಹೊತ್ತುಕೊಂಡು ನೇರ ಬಂದ ನಮ್ಮಂಥವರ ಸಾಲು ಉದ್ದವಿತ್ತು. ಮೊದಲು ರೂಮಿಗೆ ಹೋಗಿ ಎಲ್ಲ ಇಟ್ಟು ಬನ್ನಿ. ಸ್ಮಾರಕಕ್ಕೆ ಪ್ರವೇಶ ಉಚಿತ, ಕಾಯ್ದಿರಿಸಲು ಒಂದು ಡಾಲರ್.

ದೋಣಿ ನಿಮ್ಮನ್ನು ನೀರಿನ ಮೇಲಿನ ಬಿಳಿ ಕಟ್ಟಡಕ್ಕೆ ಒಯ್ಯುತ್ತದೆ. ಕೆಳಗೆ 1941ರ ಡಿಸೆಂಬರ್ 7ರಂದು ಜಪಾನಿನ ದಾಳಿಯಲ್ಲಿ ಮುಳುಗಿದ ಹಡಗು. ಅದರಲ್ಲಿ ಸತ್ತ 1,177 ಜನರ ಹೆಸರು ಗೋಡೆಯ ಮೇಲೆ. ಹಡಗಿನಿಂದ ಇಂದಿಗೂ ಎಣ್ಣೆ ಹನಿಹನಿಯಾಗಿ ಮೇಲೆ ಬರುತ್ತದೆ, ನೀರಿನ ಮೇಲೆ ಬಣ್ಣದ ಉಂಗುರ ಬಿಡಿಸಿ ಹರಡಿಕೊಳ್ಳುತ್ತದೆ. ಜಪಾನಿನ ಒಬ್ಬ ಅಜ್ಜ ಮೊಮ್ಮಗಳ ಕೈ ಹಿಡಿದು ನಿಂತಿದ್ದರು. ನಾವೂ ಮಾತಾಡಲಿಲ್ಲ.

ಶನಿವಾರ

ಇದು ನಮ್ಮದೇ ದಿನ. ಹನೌಮಾ ಕೊಲ್ಲಿಯಲ್ಲಿ ಮೀನು ನೋಡಬೇಕೆಂಬ ಆಸೆ ಫಲಿಸಲಿಲ್ಲ. ಎರಡು ದಿನ ಮೊದಲು ಬೆಳಗ್ಗೆ ಏಳಕ್ಕೆ ಟಿಕೆಟ್ ಬಿಡುತ್ತಾರೆ, ನಿಮಿಷಗಳಲ್ಲಿ ಖಾಲಿ. ಗುರುವಾರ ಏಳಕ್ಕೆ ನಾವು ಕಾಫಿ ಕುಡಿಯುತ್ತ ಕೂತಿದ್ದೆವು. ಹೊರಗಿನವರಿಗೆ 25 ಡಾಲರ್, ಸೋಮವಾರ-ಮಂಗಳವಾರ ಬಾಗಿಲು ಹಾಕಿರುತ್ತಾರೆ. ನೀವು ಅಲಾರಂ ಇಟ್ಟುಕೊಳ್ಳಿ.

ಬದಲಿಗೆ ವೈಕೀಕೀಗೆ ಹೋದರೆ ನೀರಿನ ಹತ್ತಿರ ಎಚ್ಚರಿಕೆಯ ಬೋರ್ಡು. ಪೆಟ್ಟಿಗೆ ಆಕಾರದ ಅಂಬಲಿಮೀನು (ಬಾಕ್ಸ್ ಜೆಲ್ಲಿಫಿಶ್) ಬಂದಿದೆ, ತಾಗಿದರೆ ಬೆಂಕಿ ಇಟ್ಟಂತೆ ಉರಿ. ಹುಣ್ಣಿಮೆಯಾಗಿ ಎಂಟರಿಂದ ಹತ್ತು ದಿನಕ್ಕೆ ಅವು ದಡಕ್ಕೆ ಬರುತ್ತವಂತೆ, ಪ್ರತಿ ತಿಂಗಳೂ. ಮೇಷ್ಟ್ರ ಮುಖ ಅರಳಿತು. ಫೋನಿನಲ್ಲಿ ಪಂಚಾಂಗ ತೆಗೆದು, "ನೋಡಿ ಮೇಡಂ, ಇವತ್ತು ಬಹುಳ ನವಮಿ. ನನ್ನನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತು" ಅಂದರು. ತಮಾಷೆಯಲ್ಲ. ಅಲ್ಲಿಗೆ ಹೋಗುವ ದಿನ ನಿಗದಿಯಾದ ಕೂಡಲೇ ಕ್ಯಾಲೆಂಡರ್ ನೋಡಿ. ಬಹುಳ ಅಷ್ಟಮಿಯಿಂದ ದಶಮಿಯವರೆಗೆ ಸಮುದ್ರಸ್ನಾನ ಬೇಡ.

ಹಾಗಾಗಿ ಡೈಮಂಡ್ ಹೆಡ್ ಹತ್ತಿರದ ಕಾಲೇಜಿನ ಅಂಗಳದಲ್ಲಿ ಶನಿವಾರ ಬೆಳಗ್ಗೆ ನಡೆಯುವ ರೈತರ ಸಂತೆಗೆ ಹೋದೆವು. ಏಳೂವರೆಗೆ ಶುರು, ಹನ್ನೊಂದಕ್ಕೆ ಮುಗಿಯುತ್ತದೆ. ಅನಾನಸ್, ಮಕಡೇಮಿಯಾ ಬೀಜ, ಜೇನು. ಒಂದು ಮೂಲೆಯಲ್ಲಿ ಕೆಸುವಿನ ಗಡ್ಡೆ, ಅದರ ಪಕ್ಕದಲ್ಲಿ 'ಕೂಲೋಲೋ' ಎಂಬ ಕಂದು ತುಂಡುಗಳು. ಕೆಸು ತುರಿದು, ತೆಂಗಿನ ಹಾಲು, ಸಕ್ಕರೆ ಹಾಕಿ ಬಹಳ ಹೊತ್ತು ಬೇಯಿಸಿದ್ದು. ಮೇಷ್ಟ್ರೂ ತಿನ್ನಬಹುದಾದ್ದು. ಬಾಯಿಗೆ ಹಾಕಿದೆ. ಎಲ್ಲೋ ಹಲಸಿನ ಹಣ್ಣಿನ ಕಡುಬಿಗೂ ಹಲ್ವಕ್ಕೂ ನಡುವೆ ಇದೆ. ಎರಡು ಪೊಟ್ಟಣ ತೆಗೆದುಕೊಂಡೆ. ಒಂದು ಸಂಜೆಯೊಳಗೆ ಮುಗಿಯಿತು.

ಮತ್ತೆ ಭಾನುವಾರ

ಹಿಂದೆ ಹೋಗುವಾಗ ಕೊಟ್ಟ ದಿನವನ್ನು ವಾಪಸ್ ಕಿತ್ತುಕೊಳ್ಳುತ್ತಾರೆ. ಭಾನುವಾರ ಮಧ್ಯಾಹ್ನ ಹತ್ತಿದರೆ ಟೋಕಿಯೋದಲ್ಲಿ ಸೋಮವಾರ ಸಂಜೆ. ಮಂಗಳವಾರ ಕ್ಲಾಸ್ ಇದೆ ಎಂದು ಒಪ್ಪಿಕೊಳ್ಳಬೇಡಿ. ನಾನು ಒಪ್ಪಿಕೊಂಡು, ಒಂದೇ ಸಮೀಕರಣವನ್ನು ಎರಡು ಸಲ ಬರೆದೆ.

ಹೊರಡುವ ಹಿಂದಿನ ರಾತ್ರಿ ಎಂಟಕ್ಕೆ ಅಮ್ಮನಿಗೆ ಕೊನೆಯ ಫೋನ್. ಕೆಸುವಿನ ಕತೆ ಎಲ್ಲ ಹೇಳಿದೆ. ಹೋಟೆಲುಗಳ ಕೆಳಗೆ ಗದ್ದೆ ಇದ್ದದ್ದು, ಅಣ್ಣನಾದದ್ದು, ಜಗಳ ಆಡಬಾರದ್ದು. ಅಮ್ಮ ಪೂರ್ತಿ ಕೇಳಿಸಿಕೊಂಡರು.

"ಅಷ್ಟು ದೂರ ಹೋಗಿ ಕೆಸು ತಿಂದು ಬಂದ್ಯಾ?" ಅಂದರು. ಆಮೇಲೆ ಸ್ವಲ್ಪ ತಡೆದು, "ಅವರದ್ದು ಕಪ್ಪು ದಂಟಿನದಾ, ಬಿಳಿ ದಂಟಿನದಾ?"

ನಾನು ಅದನ್ನು ಕೇಳಿರಲಿಲ್ಲ.